ಏಳನೆಯ ಕ್ಯೂಬ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೂರದಿಂದ ಬಂದು ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹುಡುಕಿ ಹೇಳಿದ ಮುಖ್ಯ ಅತಿಥಿಗಳೇ, ಸಂಸ್ಥೆಯ ಕಾರ್ಯದರ್ಶಿಗಳೇ, ಪ್ರಯೋಗಾಲಯದ ಗೆಳೆಯರೇ, ಕೆಳಗೆ ಕೂತಿರುವ ಹಿರಿಯರೇ, ಮೇಲೆ ಬಾಲ್ಕನಿಯಲ್ಲಿ ಕಿಕ್ಕಿರಿದಿರುವ ತರಬೇತಿಯ ಮಕ್ಕಳೇ, ಯಾವ ಸಭೆಗೂ ತಪ್ಪದೆ ಹಾಜರಾಗುವ ಮುಂದಿನ ಸಾಲುಗಳ ಖಾಲಿ ಕುರ್ಚಿಗಳೇ, ಸಭಿಕರೇ,

ಮಾತಿಗೆ ಮುಂಚೆ ಎರಡು ಕೋರಿಕೆ. ಒಂದು, ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಅತಿಥಿಗಳು ನನ್ನ ಅಡ್ಡಹೆಸರು ಹೇಳಿದಾಗ ಮೇಲಿರುವ ಮಕ್ಕಳು ಕಾಲು ಕುಟ್ಟಿ ಕುಣಿದರು. ಪ್ರೀತಿ ಅರ್ಥವಾಯಿತು, ಇನ್ನೊಮ್ಮೆ ಬೇಡ. ಎರಡು, ಮೈಕಿನವರಿಗೆ ಹೇಳಿ ಧ್ವನಿ ತಗ್ಗಿಸಿದ್ದೇನೆ. ಕೇಳಿಸದವರು ಎದ್ದು ಮುಂದೆ ಬನ್ನಿ. ಮೇಲಿನವರೂ ಇಳಿದು ಬರಬಹುದು. ಮೆಟ್ಟಿಲು ಕಿರಿದು, ನಾಲ್ಕು ನಾಲ್ಕು ಜನ ನಿಧಾನವಾಗಿ ಬಂದರೆ ಸಾಕು. ಮುಂದೆ ಕೂತವರಿಗೆ ನಾನು ಪ್ರಶ್ನೆ ಕೇಳುವುದಿಲ್ಲ. ಈಗ ನಾನು ನಿವೃತ್ತ.

ಹಾಂ, ಹಾಗೆ. ಬನ್ನಿ, ಬನ್ನಿ. ಅಕ್ಕಾ, ನೀನೂ ಬಾ. ಬಾಲ್ಕನಿಯ ಕೆಳಗೆ, ಕೊನೇ ಸಾಲಿನಲ್ಲಿ ಕೂತಿದ್ದಾರಲ್ಲ, ಅವರು ನನ್ನ ಅಕ್ಕ. ಎಪ್ಪತ್ನಾಲ್ಕು ವರ್ಷ. ನನ್ನನ್ನು ಸಾಕಿದವರು. ನೋಡಿ, ತಲೆಯಾಡಿಸುತ್ತಿದ್ದಾರೆ. ಬರುವುದಿಲ್ಲವಂತೆ. ಇರಲಿ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಅಡ್ಡಹೆಸರು ಇಪ್ಪತ್ತೆಂಟು. ಈ ಸಂಸ್ಥೆಯಲ್ಲಿ ನನ್ನ ನಿಜವಾದ ಹೆಸರು ಸಂಬಳದ ಗುಮಾಸ್ತರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಯಾರು ಏನು ಕೇಳಿದರೂ 'ಇಪ್ಪತ್ತೆಂಟು ದಿನ ಆಗಲಿ' ಅನ್ನುತ್ತಿದ್ದೆ, ಅದೇ ಹೆಸರಾಯಿತು. ಕಾಂಕ್ರೀಟಿನ ನಿಜವಾದ ಬಲ ಗೊತ್ತಾಗುವುದು ಇಪ್ಪತ್ತೆಂಟು ದಿನಕ್ಕೆ. ಅಲ್ಲಿಯವರೆಗೆ ಅದು ಹೇಳುವುದೆಲ್ಲ ಬಾಯಿಮಾತು.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆ ನಿಮಗೆ ನೆನಪಿರಬಹುದು. ಕಾಂಕ್ರೀಟ್ ಹೇಗೆ ಗಟ್ಟಿಯಾಗುತ್ತದೆ? ಇಡೀ ತರಗತಿ ಒಂದೇ ದನಿಯಲ್ಲಿ 'ಒಣಗಿ' ಅನ್ನುತ್ತಿತ್ತು. ಅಲ್ಲ. ಕಾಂಕ್ರೀಟ್ ಒಣಗುವುದಿಲ್ಲ, ಕುಡಿಯುತ್ತದೆ. ಸಿಮೆಂಟು ನೀರನ್ನು ಕುಡಿದು, ಮರಳನ್ನೂ ಜಲ್ಲಿಯನ್ನೂ ಅಪ್ಪಿಕೊಂಡು ಕಲ್ಲಾಗುತ್ತದೆ. ಕಲ್ಲಾಗುವಾಗ ಅದಕ್ಕೆ ಮೈ ಬಿಸಿಯಾಗುತ್ತದೆ. ಹಾಕಿದ ಮಾರನೇ ದಿನ ಅಂಗೈ ಇಟ್ಟು ನೋಡಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿರುತ್ತದೆ. ಆಮೇಲೆ ತಣ್ಣಗಾಗುತ್ತದೆ. ತಣ್ಣಗಾಗಬೇಕು. ಹತ್ತು ವರ್ಷ, ಇಪ್ಪತ್ತು ವರ್ಷ ಆದಮೇಲೂ ಬೆಚ್ಚಗಿದ್ದರೆ? ಹಾಗಿರಲು ಸಾಧ್ಯವಿಲ್ಲ. ಯಾವ ಪುಸ್ತಕದಲ್ಲೂ ಇಲ್ಲ.

ನೀರಿನ ಸ್ವಭಾವವೂ ವಿಚಿತ್ರ. ಹಾಕಿದ ಮೇಲೆ ಎಷ್ಟು ನೀರುಣಿಸಿದರೂ ಒಳ್ಳೆಯದು. ಹಾಕುವ ಮೊದಲು ಒಂದು ಬಕೆಟ್ ಹೆಚ್ಚಾದರೂ ಕೆಡುಕು. ಸಿಮೆಂಟು ತನಗೆ ಬೇಕಾದಷ್ಟು ಕುಡಿದು ಮಿಕ್ಕಿದ್ದನ್ನು ಬಿಡುತ್ತದೆ. ಆ ಮಿಕ್ಕ ನೀರು ಹೋದ ಜಾಗವೆಲ್ಲ ಒಳಗೆ ಪೊಳ್ಳು. ಹೊರಗಿನಿಂದ ನೋಡಿದರೆ ನೀರು ಹೆಚ್ಚಾದದ್ದೇ ನುಣುಪು, ಅದೇ ಚೆಂದ. ಸುಣ್ಣ ಬಳಿದ ಮೇಲಂತೂ ಎರಡಕ್ಕೂ ವ್ಯತ್ಯಾಸವೇ ಇಲ್ಲ.

ಇನ್ನೊಂದು. ಕಾಂಕ್ರೀಟನ್ನು ಒತ್ತಿ, ತಡೆಯುತ್ತದೆ. ಎಳೆಯಿರಿ, ತಡೆಯುವುದಿಲ್ಲ. ಎಳೆತಕ್ಕೆಂದೇ ಒಳಗೆ ಕಬ್ಬಿಣದ ಕಂಬಿ ಇಡುತ್ತೇವೆ. ಈಗ ಒಂದು ಕೈಯನ್ನು ಮುಂದಕ್ಕೆ ಚಾಚಿ ತುದಿಯಲ್ಲಿ ಒಂದು ತುಂಬಿದ ಚೀಲ ಹಿಡಿಯಿರಿ. ನೋವು ಎಲ್ಲಿ? ಬೆರಳಿನಲ್ಲಲ್ಲ, ಭುಜದಲ್ಲಿ. ಗೋಡೆಯಿಂದ ಹೊರಚಾಚಿದ ಯಾವುದೇ ಚಪ್ಪಡಿಯ ಗತಿ ಅದೇ. ಚೀಲ ಭುಜದ ಹತ್ತಿರ ಬಂದಷ್ಟೂ ಹಗುರ. ಆದ್ದರಿಂದ ಮೇಲೆ ಅಂಚಿನ ಸಾಲಿನಲ್ಲಿ, ಕಟಕಟೆಗೆ ಒರಗಿ ನಿಂತಿರುವ ಮಕ್ಕಳೇ, ಸ್ವಲ್ಪ ಹಿಂದೆ ಗೋಡೆಯ ಕಡೆ ಸರಿದು ಕೂತರೆ ನನಗೆ ನಿಮ್ಮ ಮುಖ ಚೆನ್ನಾಗಿ ಕಾಣುತ್ತದೆ. ಸರಿಯಿರಿ. ನಗಬೇಡಿ, ಸರಿಯಿರಿ.

ನಾನು ಮೂವತ್ತಾರು ವರ್ಷ ಮಾಡಿದ ಕೆಲಸವೇನು? ಒಡೆಯುವುದು. ಊರೆಲ್ಲ ಕಟ್ಟುತ್ತದೆ, ನಾನು ಒಡೆಯುತ್ತೇನೆ. ಎಲ್ಲಿ ಕಾಂಕ್ರೀಟ್ ಹಾಕಿದರೂ ಅದೇ ಕಲಸಿನಿಂದ ಮುಕ್ಕಾಲು ಗೇಣಿನ ಕ್ಯೂಬ್‌ಗಳನ್ನು ಅಚ್ಚು ಹಾಕಿ, ಪ್ರಯೋಗಾಲಯದ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತೇವೆ. ಏಳು ದಿನಕ್ಕೆ ಮೂರು, ಇಪ್ಪತ್ತೆಂಟು ದಿನಕ್ಕೆ ಮೂರು, ಯಂತ್ರದ ಬಾಯಿಗಿಟ್ಟು ಅದುಮುತ್ತೇವೆ. ಇಪ್ಪತ್ತೆಂಟನೆಯ ದಿನ ಒಂದೊಂದೂ ನಲವತ್ತೈದು ಟನ್ ಹೊರಬೇಕು. ಹೊತ್ತರೆ ಕಟ್ಟಡ ಪಾಸು. ಒಟ್ಟು ಆರು ಕ್ಯೂಬ್. ನಮ್ಮಲ್ಲಿ ಮಾತ್ರ ಏಳು.

ಏಳನೆಯದು ನನಗೆ ಕೆಲಸ ಕಲಿಸಿದ ಮೇಷ್ಟ್ರ ಪದ್ಧತಿ. ಅವರು ಮೇಜಿನ ಮೇಲೆ ಕನ್ನಡಕ ಬಿಚ್ಚಿಟ್ಟು ಹೇಳುತ್ತಿದ್ದರು: "ಆರು ರಿಜಿಸ್ಟರಿಗೆ ಕಣಯ್ಯಾ, ಏಳನೇದು ನಮಗೆ. ರಿಜಿಸ್ಟರನ್ನ ತಿದ್ದಬಹುದು. ಅದನ್ನ ತಿದ್ದಕ್ಕಾಗಲ್ಲ." ಅದರ ಮೇಲೆ ತಾರೀಕು ಬಿಟ್ಟು ಬೇರೇನೂ ಬರೆಯುವಂತಿರಲಿಲ್ಲ. ಕಟ್ಟಡ ಇರುವವರೆಗೂ ಅದನ್ನು ಇಟ್ಟಿರಬೇಕು.

ನಾನು ನಡುನಡುವೆ ಆ ಕಡೆ ಯಾಕೆ ನೋಡುತ್ತಿದ್ದೇನೆ ಅಂತ ಕಾರ್ಯದರ್ಶಿಗಳು ಕೇಳುತ್ತಿದ್ದಾರೆ. ಏನಿಲ್ಲ. ಬಾಲ್ಕನಿಯ ಕೆಳಮೈಯಲ್ಲಿ, ಬಲಗಡೆಯ ಗೋಡೆ ಸೇರುವಲ್ಲಿ, ಒಂದು ಸಣ್ಣ ಹೊಳಪು ಕಾಣುತ್ತಿದೆ. ಕಿಟಕಿಯ ಬಿಸಿಲು ಬಿದ್ದಿದೆ. ಅದು ಬೆರಳುದ್ದದ ಗಾಜಿನ ಪಟ್ಟಿ, ನಾನೇ ಅಂಟಿಸಿದ್ದು. ಅದರ ಉಪಯೋಗ ಸರಳ. ಬಿರುಕಿನ ಎರಡು ದಡಕ್ಕೂ ಸೇರಿಸಿ ಗಾಜು ಅಂಟಿಸಿದರೆ, ಬಿರುಕು ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಬೆಳಿಗ್ಗೆ ಏಣಿ ಹತ್ತಿ ನೋಡಿದೆ, ಇಡಿಯಾಗಿತ್ತು. ಹೊಳಪು ಒಂದೇ ಇರುವವರೆಗೆ ನಾವು ನೆಮ್ಮದಿಯಾಗಿ ಮಾತಾಡಬಹುದು.

ಅಕ್ಕನ ವಿಷಯಕ್ಕೆ ಬರುತ್ತೇನೆ. ನನಗೆ ಆರು ವರ್ಷವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಅಕ್ಕನಿಗೆ ಇಪ್ಪತ್ತು. ಮದುವೆಯ ಮಾತಿಗೆ ಬಂದವರಿಗೆಲ್ಲ ಅವಳದು ಒಂದೇ ಷರತ್ತು, ತಮ್ಮನೂ ಜೊತೆಗೆ ಬರುತ್ತಾನೆ. ಒಪ್ಪಿದವರು ಒಬ್ಬರೇ. ಅವರು ಕಟ್ಟಡದ ಮೇಸ್ತ್ರಿ. ನನ್ನ ಭಾವ. ಸಂಜೆ ಕೆಲಸದಿಂದ ಬಂದರೆ ರೆಪ್ಪೆಯ ಮೇಲೂ ಸಿಮೆಂಟು. ನಾನು ನೀರು ಹಾಕುತ್ತಿದ್ದೆ, ಅವರು ಮುಖ ತೊಳೆಯುತ್ತ ಗೋಡೆ ಕಟ್ಟುವುದು ಹೇಗೆ ಅಂತ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಓದಿಸಿದರು, ಈ ಪ್ರಯೋಗಾಲಯದ ಬಾಗಿಲಿಗೆ ತಂದು ಬಿಟ್ಟರು. ಅವರ ಅನ್ನ ತಿಂದು ನಾನು ಬೆಳೆದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದು ಕೇಳಿದಾಗ ಅವರು ಕೆಟ್ಟವರು ಅಂತ ನಿಮಗನ್ನಿಸಬಾರದು.

ಮೂವತ್ತೊಂದು ವರ್ಷದ ಹಿಂದೆ ಒಂದು ಕಟ್ಟಡ. ಯಾವುದು ಅಂತ ಸದ್ಯಕ್ಕೆ ಬೇಡ. ಭಾವ ಅಲ್ಲಿ ಮೇಸ್ತ್ರಿ, ನಾನು ಕ್ಯೂಬ್ ಹಾಕಲು ಹೋದವನು. ಮಿಕ್ಸರ್ ಲಾರಿ ದಾರಿಯಲ್ಲಿ ಕೆಟ್ಟು ನಿಂತು ಎರಡು ಗಂಟೆ ತಡವಾಗಿ ಬಂತು. ಉರಿಬಿಸಿಲು. ಡ್ರಮ್ಮಿನ ಒಳಗೇ ಕಾಂಕ್ರೀಟ್ ಬಿಗಿಯಾಗತೊಡಗಿತ್ತು, ಸುರಿದರೆ ಇಳಿಯದು. ನಿಯಮದ ಪ್ರಕಾರ ಅದನ್ನು ವಾಪಸ್ ಕಳಿಸಬೇಕು. ಕಳಿಸಿದರೆ ಅರ್ಧ ಹಾಕಿದ್ದ ಚಪ್ಪಡಿ ಹಾಳು. ಒಬ್ಬ ಆಳು ನೀರಿನ ಪೈಪನ್ನು ಡ್ರಮ್ಮಿಗೆ ಬಿಟ್ಟ. ಭಾವ ಬೇಡವೆನ್ನಲಿಲ್ಲ. ನಾನು ಲಾರಿಯ ಪಕ್ಕದಲ್ಲೇ ನಿಂತಿದ್ದೆ, ನಾನೂ ಬೇಡವೆನ್ನಲಿಲ್ಲ. ಆಮೇಲೆ ಅದು ಪಾಯಸದ ಹಾಗೆ ಸರಾಗವಾಗಿ ಇಳಿಯಿತು. ಆ ಕಲಸಿನಿಂದಲೇ ಏಳು ಕ್ಯೂಬ್ ಅಚ್ಚು ಹಾಕಿದೆ.

ಏಳು ದಿನಕ್ಕೆ ಮೂರನ್ನು ಯಂತ್ರಕ್ಕಿಟ್ಟೆ. ಮೂವತ್ತು ಟನ್ನಾದರೂ ಹೊರಬೇಕಾದವು ಹನ್ನೆರಡಕ್ಕೆ ಕುಸಿದವು. ಆ ಸಂಜೆ ಭಾವ ಮನೆಯಲ್ಲಿ ಮುಖ ತೊಳೆಯಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, ನನ್ನ ಭುಜದ ಮೇಲೆ ಕೈಯಿಟ್ಟು, ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಏನೋ ಕೇಳಿದರು. "ಒಡೆಸಿದ್ರೆ ನಂಗೆ ಇನ್ನು ಯಾರೂ ಕೆಲಸ ಕೊಡಲ್ಲ ಕಣೋ. ನಿನ್ನ ಅಕ್ಕಂಗೆ ಏನಂತ ಹೇಳ್ಲಿ?"

ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಉತ್ತರ ಬೇಡ. ನಾನು ಮಾಡಿದ್ದು ಹೇಳುತ್ತೇನೆ. 12ನ್ನು 32 ಮಾಡಿದೆ. ಒಂದನ್ನು ಮೂರು ಮಾಡಲು ಎಷ್ಟು ಶಾಯಿ ಬೇಕು? ಆಮೇಲೆ ಪ್ರಯೋಗಾಲಯದಲ್ಲಿ ಸಿಮೆಂಟು ಧಾರಾಳವಾಗಿ ಹಾಕಿ ಮೂರು ಹೊಸ ಕ್ಯೂಬ್ ಮಾಡಿ, ಅವುಗಳ ಮೇಲೆ ಹಳೇ ತಾರೀಕು ಬರೆದೆ. ಇಪ್ಪತ್ತೆಂಟನೆಯ ದಿನ ಎಲ್ಲರೆದುರು ಅವು ಐವತ್ತು ಟನ್ ಹೊತ್ತವು. ಅಧಿಕಾರಿಗಳು ನನ್ನ ಬೆನ್ನು ತಟ್ಟಿದರು. ನಿಜವಾದ ಮೂರನ್ನು ತೋಟದ ದಾರಿಯ ಕೆಳಗೆ ಹೂತೆ. ಏಳನೆಯದನ್ನು ಹೂಳಲು ಕೈ ಬರಲಿಲ್ಲ. ಮೇಷ್ಟ್ರ ಮಾತು ಅಡ್ಡ ಬಂತು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದೆ. ಅಕ್ಕ ಇದೇನು ಅಂತ ಕೇಳಿದಳು. ಹಿತ್ತಲ ಬಾಗಿಲಿಗೆ ಒತ್ತಿಡಲು ಒಂದು ಕಲ್ಲು ಅಂದೆ.

ಮೂವತ್ತೊಂದು ವರ್ಷ ಅದು ಆ ಬಾಗಿಲಿಗೆ ಒತ್ತಿಕೊಂಡೇ ಇತ್ತು. ಅಕ್ಕ ದಿನಾ ಅದನ್ನು ಒರೆಸುತ್ತಿದ್ದಳು, ಅದರ ಮೈಯಿಂದ ಬೆಳ್ಳಗೆ ಪುಡಿ ಬರುತ್ತಿತ್ತು. ಅದಕ್ಕೆ ಕಾರಣವಿದೆ, ಒಳಗಿನ ಸುಣ್ಣದಂಶ ತೇವದ ಜೊತೆ ಹೊರಗೆ ಬರುತ್ತದೆ. ಆದರೆ ಬೇಸಿಗೆಯಲ್ಲಿ ತೇವ ಎಲ್ಲಿಂದ? ನಮ್ಮ ಮನೆಯ ಬೆಕ್ಕು ಮೆತ್ತನೆಯ ಹಾಸಿಗೆ ಬಿಟ್ಟು ಅದರ ಮೇಲೇ ಮಲಗುತ್ತಿತ್ತು. ಅದು ಸತ್ತ ಮೇಲೆ ಬಂದ ಇನ್ನೊಂದು ಬೆಕ್ಕೂ ಅಲ್ಲೇ. ಅಕ್ಕ ಒಮ್ಮೆ, ಈ ಕಲ್ಲು ಯಾಕೋ ಯಾವಾಗಲೂ ಬೆಚ್ಚಗಿರುತ್ತದಲ್ಲ ಅಂದಳು. ಬಿಸಿಲಿಗೆ ಇರಬೇಕು ಅಂದೆ. ನಮ್ಮ ಹಿತ್ತಲಿಗೆ ಬಿಸಿಲು ಬೀಳುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಭಾವ ಹಾಸಿಗೆ ಹಿಡಿದರು. ಕೊನೆಯ ಹತ್ತು ದಿನ ಗೋಡೆಗೆ ಮುಖ ಮಾಡಿ ಮಲಗಿ, ಎರಡೂ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ತೆಗೆದರೆ ಮತ್ತೆ ಇಡುತ್ತಿದ್ದರು. ತೋಳು ನಡುಗುತ್ತಿತ್ತು, ದೊಡ್ಡ ಭಾರ ಹೊತ್ತವರ ಹಾಗೆ. ನನ್ನನ್ನು ನೋಡಿದಾಗೆಲ್ಲ ಒಂದೇ ಮಾತು: "ಇನ್ನೂ ಬಿಸಿ ಇದೆ. ಸೆಂಟ್ರಿಂಗ್ ಬಿಚ್ಬೇಡ್ರೋ." ಸೆಂಟ್ರಿಂಗ್ ಅಂದರೆ ಹಸಿ ಕಾಂಕ್ರೀಟನ್ನು ಕೆಳಗಿನಿಂದ ಹೊತ್ತು ನಿಲ್ಲುವ ಹಲಗೆ, ಮರದ ಕಂಬ. ಕಾಂಕ್ರೀಟ್ ತನ್ನ ಕಾಲ ಮೇಲೆ ತಾನು ನಿಂತ ಮೇಲೆ ಬಿಚ್ಚುವುದು. ಹನ್ನೊಂದನೆಯ ದಿನ ಅವರ ಕೈ ಜಾರಿತು.

ಅವರ ಕ್ರಿಯಾಕರ್ಮ ಮುಗಿಸಿ ನಾನು ಮತ್ತೆ ಇಲ್ಲಿಗೆ ಬಂದ ದಿನ, ಈ ಸಭಾಂಗಣ ಗುಡಿಸುವ ಅಮ್ಮ ಮೊರದಲ್ಲಿ ಒಂದು ಹಿಡಿ ಬಿಳಿಪುಡಿ ತಂದು ತೋರಿಸಿದರು. "ಅಣ್ಣಾ, ವಾರದಿಂದ ದಿನಾ ಬೀಳ್ತಿದೆ. ಒಂದೇ ಜಾಗದಲ್ಲಿ." ಎಲ್ಲಿ ಅಂದೆ. ಕೊನೇ ಸಾಲು, ಈ ಬಾಲ್ಕನಿಯ ಕೆಳಗೆ.

ಹೇಳಿಬಿಟ್ಟೆ. ಯಾವ ಕಟ್ಟಡ ಅಂತ ಹೇಳದೆ ಇನ್ನೂ ಸ್ವಲ್ಪ ಹೊತ್ತು ನಡೆಸೋಣ ಅಂತಿದ್ದೆ, ಬಾಯಿ ತಪ್ಪಿತು. ಹೌದು, ಇದೇ ಕಟ್ಟಡ. ಆ ಬಾಲ್ಕನಿಯೇ. ಯಾರೂ ಓಡಬೇಡಿ. ಮೂರಡಿ ಅಗಲದ ಒಂದೇ ಮೆಟ್ಟಿಲು. ಓಡಿದರೆ ಕಾಂಕ್ರೀಟಿಗಿಂತ ಮೊದಲು ನೀವೇ ಒಬ್ಬರನ್ನೊಬ್ಬರು ತುಳಿಯುತ್ತೀರಿ. ಬಾಲ್ಕನಿಯ ಕೆಳಗಿನ ಸಾಲುಗಳವರು ಮೊದಲು ಎದ್ದು ನನ್ನ ಕಡೆ ಬನ್ನಿ, ವೇದಿಕೆಯ ಎರಡೂ ಪಕ್ಕದ ಬಾಗಿಲು ತೆರೆಸಿದ್ದೇನೆ. ಮೇಲಿನವರು ಗೋಡೆಗೆ ಬೆನ್ನು ತಾಗಿಸಿ ನಿಂತು, ನಾಲ್ಕು ನಾಲ್ಕು ಜನ ಇಳಿಯಿರಿ. ಹೆಜ್ಜೆ ಮೆಲ್ಲಗೆ. ನಾನು ಮಾತಾಡುತ್ತಲೇ ಇರುತ್ತೇನೆ, ನನ್ನ ದನಿ ಕೇಳುತ್ತಿರುವವರೆಗೆ ಏನೂ ಆಗಿಲ್ಲ ಅಂತ ತಿಳಿಯಿರಿ.

ಕಾರ್ಯದರ್ಶಿಗಳೇ, ಮೊದಲೇ ಯಾಕೆ ಹೇಳಲಿಲ್ಲ ಅಂತ ನೀವು ಕೇಳುತ್ತಿರುವುದು ನ್ಯಾಯ. ಮೂರು ಸಲ ಬರೆದೆ, 'ಬಾಲ್ಕನಿಯನ್ನು ಒಮ್ಮೆ ಪರಿಶೀಲಿಸುವುದು ಒಳಿತು' ಅಂತ. ಕಾರಣ ಬರೆಯಲಿಲ್ಲ. ಕಾರಣ ಇಲ್ಲದ ಕಾಗದಕ್ಕೆ ಯಾರು ತಾನೇ ಏನು ಮಾಡುತ್ತಾರೆ? ನೀವು ಸುಣ್ಣ ಹೊಡೆಸಿದಿರಿ. ಯಾರಾದರೂ ಬಾಲ್ಕನಿ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಬಾಲ್ಕನಿ ಎಂದೂ ತುಂಬುವುದಿಲ್ಲ, ಯಾವ ಭಾಷಣಕ್ಕೆ ಅಷ್ಟು ಜನ ಬರುತ್ತಾರೆ, ಅಂತ ಧೈರ್ಯ ಹೇಳಿಕೊಳ್ಳುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಅದು ಮೊದಲ ಸಲ ತುಂಬಿದ್ದು ಇವತ್ತು. ನನ್ನ ಮೇಲಿನ ಪ್ರೀತಿಗೆ. ಬೆಳಿಗ್ಗೆ ಅದನ್ನು ಮುಚ್ಚಿ ಅಂತ ಕೇಳಿದಾಗ ನೀವು, ಎಲ್ಲ ನಿಮಗಾಗಿಯೇ ಬಂದವರು ಸರ್, ಎಲ್ಲಿ ಕೂರಿಸಲಿ ಅಂದಿರಿ. ಆಗಲೂ ನಾನು ಕಾರಣ ಹೇಳಲಿಲ್ಲ. ನಾನು ಹೇಡಿ. ಇದಕ್ಕೆ ಬೇರೆ ಪದವಿಲ್ಲ.

ನೀವು ಕೊಟ್ಟ ಗಡಿಯಾರದ ಪಕ್ಕದಲ್ಲಿ ಈ ಬಟ್ಟೆಯ ಗಂಟು ಇದೆಯಲ್ಲ, ಇದು ಏಳನೆಯ ಕ್ಯೂಬ್. ಹೋದ ವಾರ, ನನ್ನ ಕೊನೆಯ ಕೆಲಸದ ದಿನ, ಇದನ್ನು ಯಂತ್ರಕ್ಕಿಟ್ಟೆ. ಸಾವಿರಾರು ಕ್ಯೂಬ್ ಒಡೆದಿದ್ದೇನೆ, ಪ್ರತಿಯೊಂದೂ ಗುಂಡು ಹೊಡೆದ ಹಾಗೆ ಸದ್ದು ಮಾಡುತ್ತದೆ. ಇದು ಸದ್ದೇ ಮಾಡಲಿಲ್ಲ. ಹತ್ತೊಂಬತ್ತು ಟನ್ನಿಗೆ ಉಸ್ಸಂತ ಬಿಟ್ಟುಕೊಟ್ಟಿತು, ಬಹಳ ಹೊತ್ತು ಭಾರ ಹೊತ್ತು ನಿಂತವರು ಕೂತ ಹಾಗೆ. ಒಳಗೆ ಕೈ ಹಾಕಿದೆ. ಮೂವತ್ತೊಂದು ವರ್ಷದ ಕಾಂಕ್ರೀಟು, ಒಳಗೆ ಒದ್ದೆ. ಬೆಚ್ಚಗೆ. ನಿನ್ನೆ ಹಾಕಿದ ಹಾಗೆ.

ಮನೆಗೆ ತಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಚೂರುಗಳನ್ನು ನೋಡಿದಳು. ಇದೇನು ಅಂತ ಕೇಳಲಿಲ್ಲ. ಭಾವ ಅವಳಿಗೆ ಎಲ್ಲ ಹೇಳಿಯೇ ಹೋಗಿದ್ದರು. ಅಕ್ಕನಿಗೆ ಗೊತ್ತಾಗಬಾರದು ಅಂತ ನಾನು ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ, ಅವಳು ಒಂಬತ್ತು ವರ್ಷದಿಂದ ನಾನು ಬಾಯಿ ಬಿಡಲಿ ಅಂತ ಕಾಯುತ್ತಿದ್ದಳು. ಇವತ್ತು ಬೆಳಿಗ್ಗೆ ನಾನು ಹೊರಟಾಗ ಅಂದಳು: "ಅದನ್ನೂ ಜೊತೆಗೆ ಕರ್ಕೊಂಡು ಹೋಗು. ಅದಕ್ಕೂ ಸನ್ಮಾನ ಆಗ್ಲಿ." ಇಲ್ಲಿಗೆ ಬಂದಮೇಲೆ ನೇರ ಹೋಗಿ ಪುಡಿ ಬೀಳುವ ಆ ಕುರ್ಚಿಯಲ್ಲೇ ಕೂತಳು. ಎಷ್ಟು ಕರೆದರೂ ಏಳಲಿಲ್ಲ. "ನಿನ್ ಭಾವ ಮಾಡಿದ್ದು, ನೀನು ಮಾಡಿದ್ದು, ಎರಡನ್ನೂ ಹೇಳೋವರೆಗೂ ನಾನು ಇಲ್ಲಿಂದ ಏಳಲ್ಲ." ಆದ್ದರಿಂದಲೇ, ಸಭಿಕರೇ, ನನಗೆ ಇವತ್ತು ಇಷ್ಟು ಮಾತು ಬಂದದ್ದು. ಧೈರ್ಯ ನನ್ನದಲ್ಲ, ಅವಳದು.

ಒಂದು ನಿಮಿಷ.

ಹೊಳಪು ಎರಡಾಗಿದೆ.

ಸದ್ದು ಯಾರಿಗೂ ಕೇಳಿರಲಾರದು, ಗಾಜು ಬಹಳ ತೆಳು. ಒಂದಿದ್ದ ಹೊಳಪು ಎರಡಾಗಿದೆ, ನಡುವೆ ಕಪ್ಪು ಗೆರೆ. ಮೇಲೆ ಇನ್ನೆಷ್ಟು ಜನ? ಎಂಟು. ಬನ್ನಿ ಮಕ್ಕಳೇ, ಈಗ ನಾಲ್ಕಲ್ಲ, ಎಂಟೂ ಜನ ಒಟ್ಟಿಗೆ, ಆದರೆ ಬೆಕ್ಕಿನ ಹೆಜ್ಜೆ. ಚೀಲ ಬಿಡಿ, ಚಪ್ಪಲಿ ಬಿಡಿ. ಆರು. ಮೂರು. ಕೊನೆಯವನೇ, ಹಿಂದೆ ತಿರುಗಬೇಡ, ಮೆಟ್ಟಿಲು ನೋಡು. ಆಯಿತು. ಅಧ್ಯಕ್ಷರೇ, ಅತಿಥಿಗಳೇ, ತಾವೂ ಹೊರಗೆ ನಡೆಯಿರಿ. ನನ್ನ ಶಿಕ್ಷೆಯ ಮಾತು ಅಂಗಳದಲ್ಲಿ ಆಡೋಣ, ನಾನೆಲ್ಲಿಗೂ ಓಡಿಹೋಗುವುದಿಲ್ಲ. ರಿಜಿಸ್ಟರಿನ ಆ ಪುಟಕ್ಕೆ ಗುರುತು ಇಟ್ಟು ತಂದಿದ್ದೇನೆ, ಈ ಗಂಟಿನ ಜೊತೆ ಕೊಡುತ್ತೇನೆ.

ಈಗ ಈ ಸಭಾಂಗಣದಲ್ಲಿ ನಾವಿಬ್ಬರೇ. ಅಕ್ಕಾ, ನಿನ್ನ ಹೆಗಲ ಮೇಲೆ ಬೆಳ್ಳಗೆ ಬೀಳುತ್ತಿದೆ. ಭಾವ ಮಾಡಿದ್ದು ಹೇಳಿದೆ, ನಾನು ಮಾಡಿದ್ದು ಹೇಳಿದೆ, ಒಂದನ್ನು ಮೂರು ಮಾಡಿದ್ದೂ ಹೇಳಿದೆ. ಇನ್ನೇನೂ ಉಳಿದಿಲ್ಲ. ಏಳು ಅಕ್ಕಾ. ಹೊತ್ತವರು ಹೊತ್ತದ್ದು ಸಾಕು ಇನ್ನು, ಕೈ ಬಿಡಲಿ.

ಹಾಂ. ಎದ್ದಳು. ಗೋಡೆ ಹಿಡಿಯಬೇಡ ಅಕ್ಕಾ, ಗೋಡೆ ಮುಟ್ಟಬೇಡ. ಬಿಸಿ ಇದೆ ಅನ್ನಬೇಡ, ಗೊತ್ತು ನನಗೆ. ನನ್ನನ್ನೇ ನೋಡಿಕೊಂಡು ಬಾ. ಇನ್ನು ಹತ್ತು ಹೆಜ್ಜೆ. ನಾನು ಮಾತು ನಿಲ್ಲಿಸುವುದಿಲ್ಲ. ಈ ಸಮಾರಂಭ ಏರ್ಪಡಿಸಿದ ಸಂಸ್ಥೆಗೆ, ಕುರ್ಚಿ ಹಾಕಿದವರಿಗೆ, ಕೇಳಿದ ಕೂಡಲೇ ಮೈಕ್ ತಗ್ಗಿಸಿದ ಪುಣ್ಯಾತ್ಮನಿಗೆ, ಒಂಬತ್ತು ವರ್ಷ ಆ ಪುಡಿ ಗುಡಿಸಿದ ಅಮ್ಮನಿಗೆ, ಓಡದೆ ನಡೆದ ಎಲ್ಲರಿಗೂ ನಾನು ಋಣಿ. ಐದು ಹೆಜ್ಜೆ. ಚಪ್ಪಾಳೆ ಬೇಡ, ಹೊರಗೂ ಬೇಡ. ಎರಡು. ಕೈ ಕೊಡು ಅಕ್ಕಾ.

ನಮಸ್ಕಾರ.